ವಾರಕ್ಕೆ ಹದಿನೈದು ಜನ

ಬೆತ್ತದಕ್ಕನ ಮನೆಯಲ್ಲಿ ಕೂರಲು ಜಾಗವಿಲ್ಲ ಎಂದು ಯಾರೂ ದೂರುವಂತಿರಲಿಲ್ಲ. ಮುಂದಿನ ಕೋಣೆಯಲ್ಲಿ ಒಂಬತ್ತು ಕುರ್ಚಿ, ಒಳಕೋಣೆಯಲ್ಲಿ ನಾಲ್ಕು, ಹಿಂಬಾಗಿಲ ಹತ್ತಿರ ಒಂದು ತೂಗುಕುರ್ಚಿ. ಒಂದೂ ಅವಳದಲ್ಲ. ಎಲ್ಲವೂ ರಿಪೇರಿಗೆ ಬಂದವು: ಸೀಟು ಹರಿದವು, ಬೆನ್ನು ಜೋತುಬಿದ್ದವು, ಯಾರದೋ ಮನೆಯ ಬೆಕ್ಕು ಪರಚಿ ಪರಚಿ ಜಾಳಿಗೆ ಮಾಡಿಟ್ಟವು. ಅವಳು ಮಾತ್ರ ದಿನವಿಡೀ ಕೂರುತ್ತಿದ್ದುದು ಒಂದು ಗಿಡ್ಡ ಮಣೆಯ ಮೇಲೆ.

ಕೆಲಸ ಬಲು ನಿಧಾನದ್ದು. ಬೆತ್ತದ ಎಳೆಗಳನ್ನು ಇಪ್ಪತ್ತು ನಿಮಿಷ ನೀರಲ್ಲಿ ನೆನೆಸಬೇಕು, ಚೌಕಟ್ಟಿನ ತೂತಿಗೆ ಪೋಣಿಸಿ ಮರದ ಬೆಣೆ ಹೊಡೆಯಬೇಕು. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಓರೆಗೆ ಎರಡು ಸಲ ಹೆಣೆಯಬೇಕು. ಒಣಗಿದ ಮೇಲೆ ಬೆತ್ತ ಬಿಗಿಯಾಗುತ್ತದೆ. ಆಗ ಬೆರಳಲ್ಲಿ ತಟ್ಟಿದರೆ ಡಣ್ ಎನ್ನಬೇಕು. ಅನ್ನದಿದ್ದರೆ ಬೆತ್ತದಕ್ಕ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಗಿರಾಕಿ ಗಮನಿಸುತ್ತಾನೋ ಇಲ್ಲವೋ ಎಂಬ ಯೋಚನೆ ಅವಳದಲ್ಲ.

ಅವಳದೊಂದು ಕಟ್ಟುಪಾಡಿತ್ತು. ಕುರ್ಚಿ ಸಿದ್ಧವಾದ ಮೇಲೆ ಅದರ ಯಜಮಾನರು ಖುದ್ದಾಗಿ ಬಂದು, ಅವಳ ಎದುರಿಗೇ ಅರ್ಧ ಗಂಟೆ ಕೂತು ತೋರಿಸಬೇಕು. ಹೊಸ ಬೆತ್ತ ಮೊದಲು ಯಾರ ಭಾರ ಹೊರುತ್ತದೋ ಅವರ ಅಳತೆಗೇ ನಿಲ್ಲುತ್ತದಂತೆ. ನಿಜವೋ ಸುಳ್ಳೋ ಬೆತ್ತಕ್ಕೇ ಗೊತ್ತು. ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಕಲಿಸಿದ ಮೇಸ್ತ್ರಿಯಂತೂ ಇಂಥ ಮಾತು ಹೇಳಿದವನಲ್ಲ. ಆದರೆ ಬಂದವರು ಕೂತರೆ ಮಾತು ಬರುತ್ತಿತ್ತು, ಮಾತು ಬಂದರೆ ಚಹಾ ಬರುತ್ತಿತ್ತು, ಅರ್ಧ ಗಂಟೆ ಹೋಗಿ ಎರಡು ಗಂಟೆಯಾಗುತ್ತಿತ್ತು. ಆಗ ಗಂಡನೂ ಇದ್ದ. ಬಸ್ಸಿನ ಕಂಡಕ್ಟರ್, ಮಾತಿನ ಮಲ್ಲ. ಇಡೀ ಬಸ್ಸಿನ ಸುದ್ದಿಯನ್ನು ಮನೆಗೆ ತಂದು ಸುರಿಯುತ್ತಿದ್ದ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಬೇರೆ ಊರಲ್ಲಿರುವ ತಮ್ಮ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಾನೆ, ಅದೂ ಗಾಡಿ ಓಡಿಸುತ್ತಾ.

ಹೀಗಿರುವಾಗ ಎರಡು ಬೀದಿ ಆಚೆ ಒಂದು ಮನೆಗೆ ಬೆಂಕಿ ಬಿತ್ತು. ಗಂಡ ಹೆಂಡತಿ ಅಡುಗೆಮನೆಯಲ್ಲೇ ಮೇಣದಬತ್ತಿ ಮಾಡಿ ಮಾರುತ್ತಿದ್ದರು. ಮನೆಗೆ ವಿಮೆಯೇನೋ ಇತ್ತು. ಆದರೆ ವಿಮೆ ಕಂಪನಿಯವರು, ನೀವು ಮನೆಯಲ್ಲಿ ವ್ಯಾಪಾರ ಮಾಡುತ್ತಿದ್ದದ್ದನ್ನು ನಮಗೆ ತಿಳಿಸಿರಲಿಲ್ಲ ಎಂದು ಬಿಡಿಕಾಸೂ ಕೊಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಬೆತ್ತದಕ್ಕ ಬೀರು ತೆರೆದು ತನ್ನ ಕಾಗದಪತ್ರ ನೋಡಿದಳು. ಹನ್ನೆರಡು ವರ್ಷದಿಂದಲೂ ಅದರಲ್ಲಿ ಇದ್ದದ್ದು ‘ವಾಸದ ಮನೆ’ ಎಂದು ಮಾತ್ರ. ಮನೆ ತುಂಬ ಪರರ ಕುರ್ಚಿ, ಕಿಡಿ ತಾಗಿದರೆ ಭುಗಿಲೆನ್ನುವ ಒಣಬೆತ್ತ. ಮಾರನೇ ದಿನವೇ ಹೋಗಿ ಹೊಸ ಅರ್ಜಿ ತಂದಳು.

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ವ್ಯವಹಾರದ ನಿಮಿತ್ತ ಮನೆಗೆ ವಾರಕ್ಕೆ ಎಷ್ಟು ಜನ ಬರುತ್ತಾರೆ? ಬೆತ್ತದಕ್ಕ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಎರಡು ಎಂದು ಬರೆಯಲು ನಾಚಿಕೆಯಾಯಿತು. ಹತ್ತು ಎಂದು ಬರೆಯಹೊರಟವಳು ಹದಿನೈದು ಎಂದು ಬರೆದಳು. ಬರೆದ ಮೇಲೆ ಅದು ನಿಜವೆಂದೇ ಅನಿಸಿತು. ಇತ್ತೀಚೆಗೆ ಸ್ವಲ್ಪ ಕಡಿಮೆ ಇರಬಹುದು, ಮತ್ತೆ ಬಂದಾರು.

ವಾರದಲ್ಲಿ ಉತ್ತರ ಬಂತು. ಕಂತು ಎರಡೂವರೆ ಪಟ್ಟು ಏರಿತ್ತು. ಅಷ್ಟು ಜನ ಒಳಗೆ ಓಡಾಡುವಾಗ ಯಾರಾದರೂ ಜಾರಿ ಬಿದ್ದರೆ, ಕುರ್ಚಿ ಮುರಿದು ಸೊಂಟ ಉಳುಕಿದರೆ, ಅದರ ಖರ್ಚೂ ಕಂಪನಿಯ ತಲೆಗೆ ತಾನೆ. ಭಾನುವಾರ ತಮ್ಮನಿಗೆ ಹೇಳಿದಳು.

“ಅಲ್ಲಾ ಅಕ್ಕ, ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಹಾಗಾಯ್ತು ನಿಂದು. ಎಲ್ಲರೂ ಕಮ್ಮಿ ಬರೀತಾರೆ. ಯಾರೂ ಬರಲ್ಲ, ಕುರ್ಚಿ ವ್ಯಾನಲ್ಲೇ ಬಂದು ವ್ಯಾನಲ್ಲೇ ಹೋಗುತ್ತೆ ಅಂತ ಬರಿ. ಕಂತು ಏರೋದೇ ಇಲ್ಲ.”

“ಹಾಗೆ ಬರೆದ್ರೆ ಆಮೇಲೆ ಗಿರಾಕಿನ ಒಳಗೆ ಕರೆದು ಕೂರಿಸೋ ಹಾಗಿಲ್ವಲ್ಲೋ.”

“ಕೂರಿಸಿ ಏನಾಗ್ಬೇಕು?”

ಅವಳಿಗೆ ಉತ್ತರ ಗೊತ್ತಿತ್ತು. ಕಿವಿಯಲ್ಲಿ ಗಾಡಿಯ ಹಾರ್ನ್ ಕೇಳುತ್ತಿರುವಾಗ ಹೇಳುವ ಉತ್ತರವಲ್ಲ ಅದು. ಕನ್ನಡಕ ಬದಲಾಯಿಸುವುದನ್ನು ಮುಂದೂಡಿದರೆ, ಸಂಜೆಯ ಹಾಲು ಬಿಟ್ಟರೆ, ಹೇಗೋ ಆ ಕಂತು ಕಟ್ಟಬಹುದೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಜನ ಬರುವ ಬಾಗಿಲು ತೆರೆದಿರಬೇಕು, ಅಷ್ಟೇ.

ಗುರುವಾರ ಬೆಳಗ್ಗೆ ಕಂಪನಿಯಿಂದ ತಪಾಸಣೆಯವರು ಬಂದರು. ಐವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಹೊಸ್ತಿಲಲ್ಲೇ ನಿಂತು ಬೂಟಿನ ಧೂಳು ಒರೆಸಿಕೊಂಡರು. ಬೆತ್ತದಕ್ಕ ಅಂದು ಒಳ್ಳೆ ಸೀರೆ ಉಟ್ಟು, ಆರು ಲೋಟ ತೊಳೆದು ಸಾಲಾಗಿ ಬೋರಲು ಹಾಕಿದ್ದಳು. ಅವರು ಕೋಣೆ ಅಳೆದರು, ಸ್ವಿಚ್ಚುಗಳ ಫೋಟೋ ತೆಗೆದರು, ಬೆತ್ತದ ಕಟ್ಟು ಒಲೆಯಿಂದ ಎಷ್ಟು ದೂರವಿದೆ ಎಂದು ಹೆಜ್ಜೆ ಹಾಕಿ ನೋಡಿದರು. ಆಮೇಲೆ ರಸೀದಿ ಪುಸ್ತಕ ಕೇಳಿದರು. ತೂಗುಕುರ್ಚಿಯ ಪಕ್ಕ ನಿಂತೇ ಒಂದೊಂದು ಹಾಳೆ ತಿರುವಿದರು. ಹನ್ನೊಂದಕ್ಕೆ ಬಂದವರು, ಗಂಟೆ ಹನ್ನೆರಡೂವರೆಯಾಯಿತು. ಅಷ್ಟು ಹೊತ್ತೂ ಬಾಗಿಲ ಕಡೆ ಒಂದು ನೊಣವೂ ಸುಳಿಯಲಿಲ್ಲ. ಇವತ್ತಾದರೂ ಯಾರಾದರೂ ಬಂದುಬಿಡಲಿ ಎಂದು ಬೆತ್ತದಕ್ಕ ಮನಸ್ಸಿನಲ್ಲೇ ಬೇಡುತ್ತಿದ್ದಳು.

“ಅಮ್ಮ, ಹದಿನೈದು ಅಂತ ಬರೆದಿದೀರಲ್ಲ,” ಎಂದರು ಅವರು. “ಇದರ ಪ್ರಕಾರ ವರ್ಷಕ್ಕೆಲ್ಲ ಸೇರಿ ನಲವತ್ತೊಂದು ಕುರ್ಚಿ. ಅದರಲ್ಲೂ ಮೂವತ್ತೆಂಟು ರಸೀದಿ ಹಿಂದೆ ನೀವೇ ‘ವ್ಯಾನ್’ ಅಂತ ಬರೆದಿದೀರಿ. ಅಂದ್ರೆ ಯಜಮಾನ್ರು ಬಂದಿಲ್ಲ, ಕುರ್ಚಿ ಮಾತ್ರ ಬಂದು ಹೋಗಿದೆ.”

“ಕುರ್ಚಿ ಇಲ್ಲದೇ ಬರೋರೂ ಇದಾರೆ. ಸುಮ್ನೆ ಮಾತಾಡ್ಸೋಕೆ.”

“ಯಾರು ಯಾರು, ಹೇಳಿ. ಬರ್ಕೋತೀನಿ.”

“ಹೈಸ್ಕೂಲ್ ಮೇಷ್ಟ್ರು.”

“ಯಾವಾಗ ಬಂದಿದ್ರು?”

ಬೆತ್ತದಕ್ಕ ನೆನಪು ಮಾಡಿಕೊಂಡಳು. ಮೇಷ್ಟ್ರು ಮಗಳ ಮನೆಗೆ ಹೋಗಿ ಎರಡು ವರ್ಷದ ಮೇಲಾಗಿತ್ತು. ಔಷಧಿ ಅಂಗಡಿಯ ಅಜ್ಜಿ ಎಂದಳು, ಆ ಅಜ್ಜಿ ಹೋದ ವರ್ಷವೇ ತೀರಿಕೊಂಡಿದ್ದರು. ಕಂಡಕ್ಟರ್‌ಗಳು ಎಂದಳು, ನಾಲ್ಕೈದು ಜನ, ಡ್ಯೂಟಿ ಮುಗಿಸಿ ಬರುವವರು. ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. ಅವರೆಲ್ಲ ಬರುತ್ತಿದ್ದುದು ಗಂಡನನ್ನು ನೋಡಲು. ಒಂಬತ್ತು ವರ್ಷ ಅವಳು ಅದನ್ನು ತನ್ನ ಕುರ್ಚಿಗಳ ಲೆಕ್ಕಕ್ಕೆ ಬರೆದುಕೊಂಡಿದ್ದಳು. ಎಂಥ ಪೆದ್ದಿ ನಾನು ಎನಿಸಿ ಮುಖ ಬಿಸಿಯಾಯಿತು. ಅಳು ಬಂದರೆ ಈ ಅಪರಿಚಿತರ ಮುಂದೆ ಮಾನ ಹೋಗುತ್ತದೆಂದು ಬಾಗಿ ನೆಲದ ಮೇಲಿನ ಬೆತ್ತದ ಚೂರು ಹೆಕ್ಕಿದಳು.

ತಪಾಸಣೆಯವರು ಪೆನ್ನು ತೆಗೆದು ಹದಿನೈದನ್ನು ಹೊಡೆದುಹಾಕಿದರು.

“ಹತ್ತೊಂಬತ್ತು ವರ್ಷದ ಸರ್ವೀಸಲ್ಲಿ ಜಾಸ್ತಿ ಬರೆದೋರನ್ನ ನೋಡಿದ್ದು ಇದೇ ಮೊದಲು,” ಎಂದು ನಕ್ಕರು. “ಯಾಕಮ್ಮ ಸುಮ್ನೆ ದುಡ್ಡು ಕಟ್ತೀರ?”

“ಹದಿನೈದು ಬೇಡ. ಐದು ಹಾಕಿ.”

“ಆಧಾರ ಬೇಕಲ್ಲ.”

“ಮೂರಾದ್ರೂ ಇರಲಿ. ಕಂತು ನಾನು ಕಟ್ತೀನಿ ಅಂತಿದೀನಲ್ಲ.”

ಸಂತೆಯಲ್ಲಿ ಜನ ಇಳಿಸಲು ಚೌಕಾಸಿ ಮಾಡುವಂತೆ ಇವಳು ಏರಿಸಲು ಮಾಡುತ್ತಿದ್ದಳು. ಅವರಿಗೆ ಅರ್ಥವಾಗಲಿಲ್ಲ, ಪಾಪ. ತಾವು ಒಬ್ಬ ಒಂಟಿ ಹೆಂಗಸಿಗೆ ಉಪಕಾರ ಮಾಡುತ್ತಿದ್ದೇವೆ ಎಂಬ ಖುಷಿಯಲ್ಲಿದ್ದರು.

“ಇಲ್ಲದ್ದನ್ನ ಇದೆ ಅಂತ ಬರೆಯೋದೂ ತಪ್ಪೇ ಅಮ್ಮ. ಎರಡಕ್ಕಿಂತ ಕಮ್ಮಿ ಇದ್ರೆ ಜನರ ಬಾಬ್ತು ಕಂತೇ ಬೇಡ. ಬರೀ ಸಾಮಾನಿನದ್ದು, ತುಂಬ ಸ್ವಲ್ಪ ಆಗುತ್ತೆ.”

“ಈ ವಾರ ನೀವು ಬಂದಿದೀರಲ್ಲ. ನಿಮ್ಮನ್ನ ಸೇರಿಸ್ಕೊಳ್ಳಿ.”

“ನಾವು ಲೆಕ್ಕಕ್ಕೆ ಬರಲ್ಲಮ್ಮ. ಡ್ಯೂಟಿ ಮೇಲೆ ಬಂದೋರು.”

“ಸೊನ್ನೆ ಹಾಕಿದ್ಮೇಲೆ ಯಾರಾದ್ರೂ ಬಂದು ಕೂತ್ರೆ?”

“ಗಿರಾಕಿ ಬಂದು ಬಿದ್ರೆ ನಮ್ಮ ಜವಾಬ್ದಾರಿ ಇಲ್ಲ, ಅಷ್ಟೇ. ನೆಂಟರು, ಸ್ನೇಹಿತರು ಬರೋದಕ್ಕೆ ಯಾರ ಅಡ್ಡಿ? ಎಷ್ಟು ಜನ ಬೇಕಾದ್ರೂ ಬರಲಿ.”

ಹದಿನೈದಿದ್ದ ಜಾಗದಲ್ಲಿ ಅವರು ನೀಟಾಗಿ ಒಂದು ಸೊನ್ನೆ ಬರೆದು, ಪಕ್ಕದಲ್ಲಿ ಅವಳ ಸಹಿ ಕೇಳಿದರು. ಸೊನ್ನೆ ದುಂಡಗೆ ಚೆನ್ನಾಗಿಯೇ ಬಂದಿತ್ತು. ಅವಳು ಸಹಿ ಹಾಕಿದಳು. ಚಹಾ ಮಾಡುತ್ತೇನೆ ಎಂದಳು. ಅವರು ಗಡಿಯಾರ ನೋಡಿ, ಇನ್ನೂ ಮೂರು ಮನೆ ಇದೆ ಎಂದು ಚೀಲ ಹೆಗಲಿಗೇರಿಸಿದರು. ಬಾಗಿಲವರೆಗೂ ಅವರ ಹಿಂದೆಯೇ ಹೋದ ಬೆತ್ತದಕ್ಕ ಅಲ್ಲಿ ನಿಂತು ಕೇಳಿದಳು:

“ಮುಂದಿನ ವರ್ಷ ನೋಡೋಕೂ ನೀವೇ ಬರ್ತೀರಾ?”

“ಇಲ್ಲಮ್ಮ. ಜನ ಬರೋ ಮನೆಗಷ್ಟೇ ವರ್ಷಾ ವರ್ಷ ತಪಾಸಣೆ. ನಿಮ್ಮಂಥ ಮನೆಗೆ ನಾವೂ ಬರಲ್ಲ. ನೀವಿನ್ನು ನಿಶ್ಚಿಂತೆಯಾಗಿರಿ,” ಎಂದು ಕೈ ಮುಗಿದು ಅವರು ಮೆಟ್ಟಿಲಿಳಿದರು.