ಟ್ರೇಲರಿನ ರಿವರ್ಸ್ ಪಾಠ

ಬೆಳಿಗ್ಗೆ ಆರಕ್ಕೆ ಸರಪಳಿಯ ಸದ್ದಿಗೆ ಎಚ್ಚರವಾಯಿತು. ಮಗು ಮಲಗಿದ್ದೇ ನಾಲ್ಕಕ್ಕೆ, ಗೆಳತಿಯರೇ. ಹೊರಗೆ ನಮ್ಮ ಯಜಮಾನರು ಹೊಸದಾಗಿ ಕೊಂಡ ದೋಣಿಯ ಟ್ರೇಲರನ್ನು ಕಾರಿಗೆ ಬಿಗಿಯುತ್ತಿದ್ದರು. ನಾಳೆ ಥೇಮ್ಸ್‌ ನದಿಗೆ ಇಳಿಸುವಾಗ ಅವರು ನೀರಿನಲ್ಲಿ ನಿಂತು ದೋಣಿ ಹಿಡಿಯಬೇಕಂತೆ, ಕಾರನ್ನು ನಾನು ಹಿಂದಕ್ಕೆ ಓಡಿಸಬೇಕಂತೆ.

ನಾವಿರುವ ಹೌನ್ಸ್ಲೋದ ಖಾಲಿ ಕಾರ್ ಪಾರ್ಕಿನಲ್ಲಿ ಪಾಠ ಶುರುವಾಯಿತು.

“ಸ್ಟೀರಿಂಗ್ ಎಡಕ್ಕೆ ತಿರುಗಿಸಿದ್ರೆ ಟ್ರೇಲರ್ ಬಲಕ್ಕೆ ಹೋಗತ್ತೆ. ಅಷ್ಟೇ ಮಾರಾಯ್ತಿ!”

ಆರು ಸಲವೂ ಟ್ರೇಲರ್ ಓರೆಯಾಗಿ ಬೇಲಿಯ ಹತ್ತಿರ ಹೋಗಿ ನಿಂತಿತು. ನಾಳೆ ಇವರು ಹಿಂದೆ ನಿಂತಿರುವಾಗ ಹೀಗಾದರೆ?

ಮಗುವನ್ನು ಎತ್ತಿಕೊಂಡು ನೋಡುತ್ತಿದ್ದ ಕುಂದಾಪುರದ ನಮ್ಮತ್ತೆ, ಹೊಸ ಗಾಡಿಯ ಶಾಸ್ತ್ರಕ್ಕೆಂದು ತಂದಿದ್ದ ಎರಡು ನಿಂಬೆಹಣ್ಣುಗಳನ್ನು ಟ್ರೇಲರಿನ ಎರಡು ಚಕ್ರಗಳಿಂದ ಹತ್ತಡಿ ಹಿಂದಕ್ಕೆ ಇಟ್ಟರು.

“ಅವ್ನ್ ಹೇಳ್ದ್ ಬಿಡ್ ಹೆಣೆ. ಹಣ್ಣ್ ಕಾಣ್, ಅದ್ರ್ ಮೇಲೆ ಹತ್ಸ್.”

ಕನ್ನಡಿಯಲ್ಲಿ ಹಣ್ಣನ್ನೇ ನೋಡುತ್ತಾ ಹೋದೆ. ಎರಡೂ ಪಚಕ್ಕೆಂದವು! ಅತ್ತೆ ಮಗುವಿನ ಕೈಯಿಂದ ಚಪ್ಪಾಳೆ ತಟ್ಟಿಸಿದರು. ಇವರು ಮಾತ್ರ, “ಹೇಳ್ಕೊಟ್ಟಿದ್ದು ನಾನಲ್ವಾ!” ಎಂದರು.

ಆದರೆ ನಾಳೆ ನೀರಿನಲ್ಲಿ ನಿಂಬೆಹಣ್ಣು ತೇಲಿಹೋಗುತ್ತದಲ್ಲ! ಏನನ್ನು ನೋಡಿಕೊಂಡು ಓಡಿಸಲಿ? ಮಗುವಿನ ದೆಸೆಯಿಂದ ಹೇಗೂ ರಾತ್ರಿಯಿಡೀ ನಾನು ಎದ್ದೇ ಇರುತ್ತೇನೆ. ಬಲ್ಲವರು ಬೆಳಗಾಗುವುದರೊಳಗೆ ದಯವಿಟ್ಟು ಒಂದು ಫೋನ್ ಮಾಡಿ.