ವೈನಿನ ಮೊದಲ ಹನಿ

"ಗ್ಲಾಸ್ ತಿರುಗಿಸ್ರಿ, ಮೂಸಿ ನೋಡ್ರಿ, ಎಡಗಣ್ಣು ಮುಚ್ಚರಿ. ಆಮ್ಯಾಗ ತೀರಿಹೋದವರ ಹೆಸರು ಜೋರಾಗಿ ಹೇಳಿ ಒಂದು ಹನಿ ನೆಲಕ್ಕ ಬಿಡ್ರಿ. ಫ್ರಾನ್ಸಿನೊಳಗ ವೈನ್ ಹಿಂಗ ಕುಡೀತಾರ್ರೀ!"

ಕಮಲಾಪುರದ ಬೀಗರ ಮನೆಯಲ್ಲಿ ಅಳಿಯ ವೈನ್ ಬಾಟಲಿ ತೆರೆದಾಗ ನಾನು ಮಾಡಿದ ಉಪದೇಶವಿದು. ತಿರುಗಿಸುವುದು, ಮೂಸುವುದು ನಿಜ. ಉಳಿದದ್ದು ನಾನು ಅಲ್ಲೇ ಹುಟ್ಟಿಸಿದ್ದು. ಕಲಬುರಗಿಯಿಂದ ಬಂದ ಬಿಳಿಮೀಸೆಯವನು ಹೇಳಿದರೆ ಯಾರು ಅನುಮಾನಿಸುತ್ತಾರೆ? ಬೀಗರಂತೂ ಎಡಗಣ್ಣು ಮುಚ್ಚಿ, ತಮ್ಮ ಸತ್ತುಹೋದ ಎತ್ತಿನ ಹೆಸರು ಕೂಗಿದರು. ನಗು ತಡೆಯಲು ನಾನು ಕೆಮ್ಮತೊಡಗಿದೆ.

ಅಷ್ಟರಲ್ಲಿ, ಬಾಗಿಲ ಬಳಿ ತೊಗರಿಬೇಳೆ ಹಸನು ಮಾಡುತ್ತಿದ್ದ ಬೀಗರ ತಾಯಿ ಎದ್ದು ಬಂದರು. "ನನಗೂ ಒಂದೀಟು ಹಾಕು ತಮ್ಮಾ" ಎಂದು ಗ್ಲಾಸ್ ಹಿಡಿದರು. ಒಂದು ಹನಿ ನೆಲಕ್ಕೆ ಬಿಟ್ಟು, "ಶರಣಪ್ಪಾ!" ಎಂದು ಕೂಗಿದರು.

ಅದು ಅವರ ತೀರಿಹೋದ ಗಂಡನ ಹೆಸರು. ಹೆಂಡತಿ ಗಂಡನ ಹೆಸರು ಹೇಳಬಾರದು ಎನ್ನುವ ಕಾಲದ ಆ ತಾಯಿ, ಅದನ್ನು ಒಮ್ಮೆಯೂ ಬಾಯಿಬಿಟ್ಟು ಅಂದವರಲ್ಲ.

"ಎಡಗಣ್ಣು ಮುಚ್ಚಲೇ ಇಲ್ಲಲ್ಲವ್ವಾ" ಎಂದೆ.

"ನೀ ಸುಳ್ಳು ಹೇಳಾಕತ್ತಿ ಅಂತ ನನಗ ಗೊತ್ತದ ಬಿಡು. ಅವರ ಹೆಸರು ಒಮ್ಮೆರೆ ಕೂಗಬೇಕಂತ ಭಾಳ ಆಸಿ ಇತ್ತು. ನೆವ ಸಿಕ್ತು, ಕೂಗಿದೆ" ಎಂದರು.

ಇದನ್ನೆಲ್ಲ ನೋಡಿದ್ದ ನನ್ನ ಹೆಂಡತಿ ಈಗ ದಿನಾ ಬೆಳಿಗ್ಗೆ ಚಹಾದ ಮೊದಲ ಹನಿ ನೆಲಕ್ಕೆ ಬಿಟ್ಟು ನನ್ನ ಹೆಸರು ಕೂಗುತ್ತಾಳೆ. ನಾನಿನ್ನೂ ಬದುಕಿದ್ದೇನಲ್ಲ ಎಂದರೆ, "ಈಗಿಂದಾನ ರೂಢಿ ಮಾಡ್ಕೊಳಾಕತ್ತೀನ್ರೀ" ಎನ್ನುತ್ತಾಳೆ.