ಹಳೇ ಸಿಂಥಸೈಸರ್‌ಗಳ ಗುಟ್ಟು ಬಲ್ಲ ಆವುಲಪ್ಪ

ಚಿಂತಾಮಣಿ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಬೆಳಕು ಬಂದಿಲ್ಲ. ಆವುಲಪ್ಪ ರಿಪೇರಿ ಅಂಗಡಿಯ ಷಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಗ್ಗುತ್ತಾರೆ. ಮೇಜಿನ ಮೇಲೆ ಹಾರ್ಮೋನಿಯಂನಂತೆ ಕರಿ ಮನೆ, ಬಿಳಿ ಮನೆ ಇರುವ ಜಪಾನಿನ ಹಳೇ ಸಿಂಥಸೈಸರ್ ಇದೆ. ಅದರ ಸ್ವಿಚ್ ಹಾಕಿ, ಒಂದು ಬಿಳಿ ಮನೆಯ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ಕೂರುತ್ತಾರೆ. ಒಂದೇ ಸ್ವರ. ಅದು ಮೇಲೆ ಸರಿಯುತ್ತದೋ, ಕೆಳಗೆ ಜಾರುತ್ತದೋ, ನಿಂತಲ್ಲೇ ನಿಲ್ಲುತ್ತದೋ ಎಂದು ಕಾಯುತ್ತಾರೆ.

“ಬೆಳಿಗ್ಗೆ ಹೊತ್ತು ಇದು ತಣ್ಣಗಿರ್ತದೆ. ಕರೆಂಟೂ ನೆಟ್ಟಗಿರ್ತದೆ. ಬಿಸಿಲೇರಿ ಪಂಪ್‌ಸೆಟ್ಟು ಶುರುವಾದ್ರೆ ಓಲ್ಟೇಜ್ ಬಿದ್ದೋಗಿ ಇದು ಬರೀ ಸುಳ್ಳು ಹೇಳ್ತದೆ” ಎನ್ನುತ್ತಾರೆ.

ಈ ಸಿಂಥಸೈಸರ್‌ಗಳು ಮೊದಲು ಮದರಾಸಿನ ಸ್ಟುಡಿಯೋಗಳಲ್ಲಿ ದುಡಿದವು. ಅಲ್ಲಿ ಹಳತಾದ ಮೇಲೆ ಎಂಬತ್ತರ ದಶಕದಲ್ಲಿ ಕೈಯಿಂದ ಕೈಗೆ ದಾಟಿ ನಮ್ಮ ಕಡೆಯ ಆರ್ಕೆಸ್ಟ್ರಾ ಪಾರ್ಟಿಗಳಿಗೆ ಬಂದವು. ಕಂಪನಿ ಇವನ್ನು ತಿದ್ದಿ ತಿದ್ದಿ ಮೂರು ಬಗೆಯಲ್ಲಿ ಮಾಡಿದೆ. ಆದರೆ ಹೊರಗಿನ ಪೆಟ್ಟಿಗೆ ಮೂರಕ್ಕೂ ಒಂದೇ. ಆವುಲಪ್ಪ ಅವಕ್ಕೆ ತಮ್ಮದೇ ಹೆಸರಿಟ್ಟಿದ್ದಾರೆ. ಮೊದಲನೆಯದು ಕುಡುಕ, ಮೈ ಬಿಸಿಯಾಗುವವರೆಗೂ ಸ್ವರ ತೂರಾಡುತ್ತದೆ, ಆದರೆ ಅದರ ಕಂಠ ಬೇರೆ ಯಾವುದಕ್ಕೂ ಇಲ್ಲ. ಎರಡನೆಯದು ಮೇಷ್ಟ್ರು, ಹೇಳಿದ ಜಾಗ ಬಿಟ್ಟು ಕದಲದು. ಮೂರನೆಯದು ಗುಮಾಸ್ತ, ಲೆಕ್ಕ ಸರಿ, ಜೀವ ಇಲ್ಲ.

ಮುಚ್ಚಳ ತೆಗೆದರೆ ಗುರುತು ಸಿಗುತ್ತದೆ. ಮೇಷ್ಟ್ರ ಕಾರ್ಡಿನಲ್ಲಿ, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್ ಹಲಗೆಯಲ್ಲಿ, ಎರಡು ಟ್ರಾನ್ಸಿಸ್ಟರುಗಳನ್ನು ಜೋಡಿಸಿ, ಎರಡಕ್ಕೂ ಒಂದೇ ಶಾಖವಿರಲಿ ಎಂದು ಮೇಲೆ ಕರಿ ಅರಗು ಸುರಿದಿರುತ್ತಾರೆ. ಕುಡುಕನಲ್ಲಿ ಅರಗಿಲ್ಲ. ಒಂದರ ಕಾರ್ಡು ಇನ್ನೊಂದರ ಗೂಡಿಗೆ ಸಲೀಸಾಗಿ ಕೂರುತ್ತದೆ. ಆದರೆ ಸ್ವಿಚ್ ಹಾಕಿದರೆ ಕಾರ್ಡೂ ಪೆಟ್ಟಿಗೆಯೂ ಸುಟ್ಟುಹೋಗುತ್ತವೆ. ಗೌರಿಬಿದನೂರಿನ ಪಾರ್ಟಿಯೊಂದಕ್ಕೆ ಯಾರೋ ಹಾಗೆ ಮಾಡಿಕೊಟ್ಟು, ವೇದಿಕೆ ಮೇಲೆ ಹೊಗೆ ಎದ್ದಿತಂತೆ. “ಜನ ಅದೂ ಪ್ರೋಗ್ರಾಮಿಂದೇ ಅಂದ್ಕೊಂಡು ಸಿಳ್ಳೆ ಹೊಡದ್ರಂತೆ” ಎಂದು ಆವುಲಪ್ಪ ನಗುತ್ತಾರೆ. ನಗು ಕೆಮ್ಮಾಗುತ್ತದೆ. ಬೆಸುಗೆಯ ಹೊಗೆ ಕುಡಿದ ಎದೆ ಅದು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮದರಾಸಿನ ರಿಪೇರಿ ಅಂಗಡಿಯೊಂದರಲ್ಲಿ ಟೀ ತಂದುಕೊಡುತ್ತಾ ಬೆಸುಗೆ ಕಲಿತವರು. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಕಡೆಯ ಪಾರ್ಟಿಗಳೆಲ್ಲ ಒಂದು ಕಾಲಕ್ಕೆ ಈ ಮೇಜಿನ ಮುಂದೆ ಕಾದು ನಿಂತಿದ್ದವು. ಈಗ ಹೊಸ ಕೀಬೋರ್ಡು ಬಂದಿದೆ. ಗುಂಡಿ ಒತ್ತಿ ಕೈಕಟ್ಟಿ ನಿಂತರೂ ತಾನೇ ತಬಲಾ ಬಾರಿಸುತ್ತದೆ. ಜನ ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ. ಕೈ ಅವರದು, ಕಿವಿಯೂ ಅವರದೇ. ಆವುಲಪ್ಪ ಮಾತ್ರ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದಾರೆ.

ಮೇಜಿನ ಮೇಲಿರುವುದು ಗಿರಾಕಿಯದಲ್ಲ. ಗುಜರಿಯಲ್ಲಿ ಸಿಕ್ಕ ಬರೀ ಪೆಟ್ಟಿಗೆಗೆ ವರ್ಷಗಟ್ಟಲೆ ಒಂದೊಂದೇ ಸಾಮಾನು ಹುಡುಕಿ ಜೋಡಿಸಿದ ಮೇಷ್ಟ್ರು. ಈ ಯುಗಾದಿಗೆ ಅದು ಮೊದಲ ಸಲ ದನಿ ತೆಗೆಯಿತು. ಇಷ್ಟು ಕಾಲ ಊರವರ ಸಿಂಥಸೈಸರ್‌ಗಳನ್ನೇ ತಿದ್ದಿದ ಆವುಲಪ್ಪನವರಿಗೆ, ತಮ್ಮ ಕೈಯಲ್ಲಿ ಹುಟ್ಟಿದ ಇದನ್ನು ಒಂದು ಸಲವಾದರೂ ವೇದಿಕೆ ಮೇಲೆ ಕೇಳಬೇಕೆಂಬ ಆಸೆ. “ಹೆತ್ತ ಮಕ್ಕಳ್ನೂ ಇಷ್ಟು ಆಡಿಸ್ಲಿಲ್ಲ ಈಯಪ್ಪ” ಎಂದು ಟೀ ತಂದ ಹೆಂಡತಿ ಗಂಗುಲಮ್ಮ ಲೋಟ ಕುಕ್ಕುತ್ತಾರೆ.

ಮೊದಲ ಬಸ್ಸಿಗೆ ಶಿಡ್ಲಘಟ್ಟದ ಕಡೆಯಿಂದ ಬಯ್ಯಪ್ಪ ಬಂದಿಳಿಯುತ್ತಾನೆ. ಹೊಸ ಕೀಬೋರ್ಡು ಕೊಳ್ಳಲಾಗದೆ ಹಳೆಯದರಲ್ಲೇ ಉಸಿರು ಹಿಡಿದಿರುವ ಪಾರ್ಟಿ ಅವನದು. ಗೋಣಿ ಸುತ್ತಿದ ಸಿಂಥಸೈಸರ್ ತಲೆ ಮೇಲೆ.

“ಅಣ್ಣಾ, ಸಂಜೆ ಪೆರೇಸಂದ್ರದಾಗೆ ರಿಸೆಪ್ಷನ್ನು. ಇದು ಬಾಯೇ ಬಿಡ್ತಾ ಇಲ್ಲ. ಈ ಪ್ರೋಗ್ರಾಮು ಕೈ ಬಿಟ್ರೆ ಹುಡುಗ್ರೆಲ್ಲ ಬೇರೆ ಪಾರ್ಟಿಗೆ ಹೋಗ್ತಾರೆ.”

ಆವುಲಪ್ಪ ಸ್ವಿಚ್ ಹಾಕುತ್ತಾರೆ. ಸ್ವರ ಕುಪ್ಪಳಿಸಿ, ಅತ್ತಿತ್ತ ಎಗರಿ, ಸತ್ತುಹೋಗುತ್ತದೆ. ಮುಚ್ಚಳ ತೆಗೆದರೆ ಮೂಗಿಗೆ ಘಾಟು ಹೊಡೆಯುತ್ತದೆ. ತಾಮ್ರದ ಗೆರೆಗಳೆಲ್ಲ ಹಸಿರು ಕಿಲುಬು.

“ಎಲ್ಲಿಟ್ಟಿದ್ದೋ ಇದನ್ನ?”

“ಹುಳು ಮನೇಲಿ ಅಣ್ಣ. ಧೂಳಿಲ್ಲ, ಇಲಿ ಬರಲ್ಲ. ಅಲ್ಲಿಗೆ ನಾವೂ ಚಪ್ಲಿ ಬಿಟ್ಟೇ ಹೋಗೋದು.”

“ಬ್ಲೀಚಿಂಗ್ ಪೌಡ್ರು ಹೊಡದ್ರಾ?”

“ಬೆಳೆಗೆ ಮುಂಚೆ ಹೊಡೀದೆ ಇರಕ್ಕಾಗ್ತದಾ? ಕದಿರಮ್ಮನೇ ಹೊಡದ್ಲು.” ಕದಿರಮ್ಮ ಅವನ ಹೆಂಡತಿ.

“ರೇಷ್ಮೆ ಹುಳದ ರೋಗ ಹೋಯ್ತು, ಪೌಡ್ರ ಘಾಟಿಗೆ ಇದರ ಪ್ರಾಣಾನೂ ಹೋಯ್ತು. ಬುದ್ಧಿ ಐತೇನೋ ನಿಂಗೆ?”

ಬಯ್ಯಪ್ಪನ ಮುಖ ಸಣ್ಣಗಾಗುತ್ತದೆ. ರೇಷ್ಮೆ ಬೆಳೆಯುವವನ ಮನೆಯಲ್ಲಿ ಹುಳು ಮನೆಗಿಂತ ಶುದ್ಧವಾದ ಜಾಗ ಯಾವುದಿದೆ? ತನ್ನ ಬದುಕಿನ ಬೆಲೆಬಾಳುವ ವಸ್ತುವನ್ನು ಅವನು ಅಲ್ಲೇ ಇಟ್ಟಿದ್ದ.

ಅವನ ಕಣ್ಣು ಮೇಜಿನ ಮೇಲಿನ ಸಿಂಥಸೈಸರ್ ಕಡೆ ಹೊರಳುತ್ತದೆ. ಅವನೇ ತಲೆ ಆಡಿಸಿಕೊಳ್ಳುತ್ತಾನೆ. “ನಿಂದು ಮೇಷ್ಟ್ರು, ನಂದು ಕುಡುಕ ಅಲ್ವಾ ಅಣ್ಣ? ಹಿಂದ್ಗಡೆ ತಗಡಿನ ಮೇಲೂ ಮೊದಲ್ನೇದು ಅಂತ್ಲೇ ನಂಬರೈತೆ. ಮೊನ್ನೆಯಿಂದ ತೂರಾಡ್ತಾನೂ ಇತ್ತು. ಸೇರಲ್ಲ, ಗೊತ್ತು. ಪೋನೀಲೇ, ಹೋಗ್ಲಿ ಬಿಡು.”

ಆವುಲಪ್ಪ ಬಯ್ಯಪ್ಪನ ಕಾರ್ಡಿನ ಮೇಲೆ ಬಗ್ಗುತ್ತಾರೆ. ತಗಡನ್ನು ಯಾರೋ ದಲ್ಲಾಳಿ ಎಂದೋ ಬದಲಾಯಿಸಿದ್ದಾನೆ. ಕುಡುಕ ಮೆಲ್ಲಗೆ ಜಾರುತ್ತಾನೆ, ಹೀಗೆ ಎಗರುವುದಿಲ್ಲ, ಎಗರಿಸಿದ್ದು ಕಿಲುಬು. ಅವರ ಬೆರಳು ಹಸಿರು ಪುಡಿಯನ್ನು ಒರೆಸುತ್ತದೆ. ಕೆಳಗೆ ಕರಿ ಅರಗು. ಇದೂ ಮೇಷ್ಟ್ರೇ. ತಾವು ಜೋಡಿಸಿದ್ದರ ಕಾರ್ಡು ಕಿತ್ತು ಇದಕ್ಕೆ ಹಾಕಿದರೆ ಸಂಜೆಗೆ ಹಾಡುತ್ತದೆ. ಹಾಕಿದರೆ, ಜೋಡಿಸಿದ್ದು ಮತ್ತೆ ಬರೀ ಪೆಟ್ಟಿಗೆ. ಮದರಾಸಿನಲ್ಲೂ ಈ ಕಾರ್ಡು ಈಗ ಸಿಕ್ಕುವುದಿಲ್ಲ.

ಸುಳ್ಳು ಹೇಳುವುದೂ ಬೇಡ. ಸುಮ್ಮನಿದ್ದರೆ ಸಾಕು. ಬಯ್ಯಪ್ಪ ಆಗಲೇ ತನ್ನದನ್ನು ಎತ್ತಿ ಗೋಣಿ ಸುತ್ತುತ್ತಿದ್ದಾನೆ.

“ಇಡೋ ಕೆಳಗೆ” ಎನ್ನುತ್ತಾರೆ ಆವುಲಪ್ಪ. ದನಿಯಲ್ಲಿ ಸಿಟ್ಟು. “ತಗಡು ನೋಡಿ ಹೆಂಡ್ತಿ ತಂದ್ಯೇನೋ? ಇದು ಮೇಷ್ಟ್ರೇ.”

ಕಾರ್ಡು ಕೀಳುವಾಗ ಅವರು ಯಾರ ಮುಖವನ್ನೂ ನೋಡುವುದಿಲ್ಲ. ಬಯ್ಯಪ್ಪನದರ ಗೂಡಿಗೆ ಕೂರಿಸಿ, ಕಿಲುಬು ಕೆರೆದು, ತಂತಿ ಬೆಸೆಯುವ ಹೊತ್ತಿಗೆ ಓಣಿಗೆ ಬಿಸಿಲು ಬಂದಿರುತ್ತದೆ. ಬಯ್ಯಪ್ಪ ಒಂದು ಮನೆ ಒತ್ತುತ್ತಾನೆ. ತುಂಬು ಸ್ವರ; ಕದಲುವುದಿಲ್ಲ. ಅವನು ಆವುಲಪ್ಪನವರ ಕಾಲಿಗೆ ಬೀಳಲು ಬಗ್ಗಿದರೆ, “ಏಯ್, ಬಸ್ಸು ತಪ್ಪುತ್ತೆ, ನಡಿ” ಎಂದು ಗದರುತ್ತಾರೆ.

“ನೀನು ಇನ್ನೊಂದು ಕಾರ್ಡು ತರಿಸ್ಕೊಳ್ಳಣ್ಣ” ಎನ್ನುತ್ತಾ ಬಯ್ಯಪ್ಪ ಓಡುತ್ತಾನೆ. ತಾನು ಏನನ್ನು ಹೊತ್ತುಕೊಂಡು ಹೋದೆನೆಂಬುದು ಅವನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಮುಂದಿನ ವರ್ಷ ಅವನೂ ಹೊಸ ಕೀಬೋರ್ಡು ಕೊಂಡು, ಇದನ್ನು ಗುಜರಿಗೆ ಹಾಕಿದರೆ ಆಶ್ಚರ್ಯವಿಲ್ಲ.

ಮೇಜಿನ ಮೇಲೆ ಎಲ್ಲ ಮನೆಗಳೂ ಇವೆ. ಯಾವುದನ್ನು ಒತ್ತಿದರೂ ದನಿಯಿಲ್ಲ. ಆವುಲಪ್ಪ ಅದರ ಮೇಲೆ ಹಳೇ ಪಂಚೆ ಹೊದಿಸಿ, ಯಾರದೋ ಮಿಕ್ಸಿ ಎಳೆದುಕೊಳ್ಳುತ್ತಾರೆ. ಗಂಗುಲಮ್ಮನಿಗೆ ತಡೆಯಲಾಗುವುದಿಲ್ಲ.

“ಏನಯ್ಯ ನೀನು? ಅವನೇ ಸೇರಲ್ಲ ಅಂದ. ಹ್ಞೂಂ ಅಂದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಯಾರಿಗೂ ಗೊತ್ತಾಗ್ತಿರ್ಲಿಲ್ಲ ಕಣೇ” ಎನ್ನುತ್ತಾರೆ ಆವುಲಪ್ಪ, ಸ್ಕ್ರೂ ಬಿಚ್ಚುತ್ತಾ. “ಈ ಸುತ್ತಮುತ್ತ ಅದು ಗೊತ್ತಿರೋನು ನಾನೊಬ್ಬನೇ. ನಾನೇ ಹ್ಞೂಂ ಅಂದ್ಬಿಟ್ರೆ, ನಾಳೆ ಬೆಳಿಗ್ಗೆ ಯಾವ ಕಿವಿ ಇಟ್ಕೊಂಡು ಇಲ್ಲಿ ಬಂದು ಕೂತ್ಕಳ್ಲಿ?”